ಗ್ರೆಂಟನ್‌ನಷ್ಟೇ ದಪ್ಪದ ಕೊಳವೆ

ಕತ್ತಲೆ ಇನ್ನೂ ಪೂರ್ತಿ ಹರಿದಿಲ್ಲ. ನಮ್ಮೂರು ಸೇಂಟ್ ಕ್ರಿಸ್ಪಿನ್‌ನ ದಕ್ಷಿಣದ ತುದಿಯಲ್ಲಿ, ಬೀದಿ ಮುಗಿದು ಗೋದಿ ಹೊಲ ಶುರುವಾಗುವಲ್ಲಿ, ಅರ್ಲೀನ್ ಫೈಫರ್ ನಿಂತಿದ್ದಾರೆ. ಬೆಂಕಿ ಬಿದ್ದರೆ ಆರಿಸಲೆಂದು ಬೀದಿಯಂಚಿಗೆ ನೆಟ್ಟಿರುವ ಕೆಂಪು ನಲ್ಲಿಯ ತಲೆಗೆ ಉದ್ದನೆಯ ಸ್ಪ್ಯಾನರ್ ಸಿಕ್ಕಿಸಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸುತ್ತಾರೆ. ಒಳಗೆ ಗೊರಗೊರ ಸದ್ದು. ಮೊದಲು ಬರುವುದು ಚಹಾದ ಬಣ್ಣದ ನೀರು. ಅರ್ಲೀನ್ ಬೊಗಸೆಯೊಡ್ಡಿ ಮೂಸಿ, "ಥೂ" ಎಂದು ಚೆಲ್ಲುತ್ತಾರೆ.

ಬೆಂಕಿ ಎಲ್ಲೂ ಬಿದ್ದಿಲ್ಲ. ಊರಿನ ಕುಡಿಯುವ ನೀರನ್ನು ಚರಂಡಿಗೆ ಹರಿಸುವುದೇ ಇವರ ಬೆಳಗಿನ ಕೆಲಸ.

"ನೀರೂ ಹಾಲಿನ ಹಾಗೇ, ಫೆಟರ್ ಆಲ್ಬಿನ್," ಎನ್ನುತ್ತಾರೆ ನನಗೆ. ನಮ್ಮಲ್ಲಿ ವಯಸ್ಸಾದ ಗಂಡಸರನ್ನು 'ಫೆಟರ್' ಎಂದು ಕರೆಯುವುದು ರೂಢಿ. "ಇಟ್ಟಲ್ಲೇ ಇದ್ರೆ ಕೆಡುತ್ತೆ. ಕುಡಿಯೋರಿಲ್ಲ ಅಂದ್ಮೇಲೆ ನಾನೇ ಚೆಲ್ಬೇಕು."

ನೀರು ತಿಳಿಯಾಗುತ್ತದೆ. ಗಾಜಿನ ಸಣ್ಣ ಕೊಳವೆಯಲ್ಲಿ ಹಿಡಿದು ಪುಡಿ ಹಾಕಿ ಅಲ್ಲಾಡಿಸಿದರೆ ನಸುಗೆಂಪು ಬಣ್ಣ ಬರಬೇಕು; ಕ್ಲೋರಿನ್ ಇನ್ನೂ ಉಳಿದಿದೆ ಎಂದು ಅರ್ಥ. ಅದು ಬರುವವರೆಗೆ ಅವರು ಅಲ್ಲಾಡುವುದಿಲ್ಲ. ಇಂದಂತೂ ಎರಡು ಸಲ ನೋಡುತ್ತಾರೆ. ಈ ಬೀದಿಯಲ್ಲಿ ಈಗ ಯಾರೂ ಇಲ್ಲ; ಕೊನೆಯ ಮನೆಯೂ ನಾಲ್ಕು ವರ್ಷದಿಂದ ಖಾಲಿಯಿದೆ. ಅದನ್ನು ನೋಡಲು ಇವತ್ತು ಒಂದು ಸಂಸಾರ ಬರುತ್ತಿದೆ. ವಸಂತದಲ್ಲಿ ಬಂದಿದ್ದ ಗಂಡಹೆಂಡತಿ ಅಡುಗೆಮನೆಯ ನಲ್ಲಿ ತಿರುಗಿಸಿ, ಬಣ್ಣ ನೋಡಿ, ಕೂರದೆಯೇ ಹೊರಟುಹೋದರು. ಈ ಸಲವೂ ಯಾರೂ ನೆಲೆಸದಿದ್ದರೆ ಚಳಿಗಾಲಕ್ಕೆ ಮುಂಚೆ ಈ ಬೀದಿಯ ಕೊಳವೆಯನ್ನೇ ಮುಚ್ಚಿಬಿಡುವುದೆಂದು ಊರಿನ ಸಮಿತಿ ತೀರ್ಮಾನಿಸಿದೆ. ಕೊಳವೆ ಮುಚ್ಚಿದ ಬೀದಿಗೆ ಮತ್ತೆ ಜನ ಬಂದದ್ದನ್ನು ನಾನು ಕಂಡಿಲ್ಲ.

ಬಂದಿದ್ದ ಆ ಗಂಡಹೆಂಡತಿ ಹೋದದ್ದು ಎಲ್ಲಿಗೆ? ಗ್ರೆಂಟನ್‌ಗೆ. ಇನ್ನೆಲ್ಲಿಗೆ!

ಕಾನ್ಸಸ್‌ನ ಈ ಬಯಲಿನಲ್ಲಿ ಎರಡೂ ಊರು ಹುಟ್ಟಿದ್ದು ಒಂದೇ ವರ್ಷ. ಮೊದಲ ಜನಗಣತಿಯಲ್ಲಿ ಅವರು ನಮಗಿಂತ ನಲವತ್ತು ಮಂದಿ ಹೆಚ್ಚಿದ್ದರಂತೆ. ನಲವತ್ತೇ ಮಂದಿ! ಅಷ್ಟಕ್ಕೇ ರೈಲು ಅಲ್ಲಿ ನಿಂತಿತು. ರೈಲು ನಿಂತಿತೆಂದು ಹಿಟ್ಟಿನ ಗಿರಣಿ ಬಂತು, ಗಿರಣಿಯ ಜನಕ್ಕೆಂದು ಆಸ್ಪತ್ರೆ, ಆಸ್ಪತ್ರೆಯಿದೆಯೆಂದು ಕಾಲೇಜು. ಹೆಚ್ಚು ಜನರಿದ್ದಾರೆ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಇನ್ನಷ್ಟು ಜನ ಹೋದರು. ಇಂದು ಅವರು ಇಪ್ಪತ್ತು ಸಾವಿರ ದಾಟಿದ್ದಾರೆ; ನಾವು ಇನ್ನೂರರ ಆಸುಪಾಸು. ಹೊಟ್ಟೆಕಿಚ್ಚು ಪಾಪವೆಂದು ನಮ್ಮ ಪಾದ್ರಿಗಳು ಬೋಧಿಸುತ್ತಾರೆ. ಅವರೂ ಈಗ ಇರುವುದು ಗ್ರೆಂಟನ್‌ನಲ್ಲಿ. ನಮಗೆ ಎರಡು ವಾರಕ್ಕೊಮ್ಮೆ ಸಿಗುತ್ತಾರೆ.

ಅರ್ಲೀನ್‌ಗೆ ಈ ಕೆಲಸ ಬಂದದ್ದೂ ಆ ಕಿಚ್ಚಿನಿಂದಲೇ. ನಾನು ಹುಡುಗನಾಗಿದ್ದಾಗ ಗ್ರೆಂಟನ್ ಹೊಸ ಕೊಳವೆ ಹಾಕಿಸಿತು. "ಅವರಷ್ಟೇ ದಪ್ಪದ್ದು ನಮಗೂ ಬೇಕು, ನಾಳೆ ನಾವೂ ಅಷ್ಟಾಗ್ತೀವಿ" ಎಂದು ನಮ್ಮ ಹಿರಿಯರು ಹಟ ಹಿಡಿದು ಅದೇ ಅಳತೆಯದನ್ನು ತರಿಸಿದರು. ಅಷ್ಟು ದಪ್ಪದ ಕೊಳವೆಯಲ್ಲಿ ಇಷ್ಟು ಜನಕ್ಕೆ ನೀರು ಓಡುವುದಿಲ್ಲ, ಮಲಗುತ್ತದೆ.

"ನಮ್ಮಪ್ಪನೂ ಆ ಕೊಳವೆಗೆ ಗುಂಡಿ ತೋಡಿದೋರೇ," ಎಂದು ಅರ್ಲೀನ್ ನಗುತ್ತಾರೆ. "ಸ್ವಲ್ಪ ಕಮ್ಮಿ ಆಸೆ ಪಟ್ಟಿದ್ರೆ ನಾನು ಬೆಳಗ್ಗೆ ಮಲಗಿರ್ತಿದ್ದೆ."

ಅರವತ್ತೊಂದರ ಈ ಹೆಂಗಸು ಬಾವಿ, ಟ್ಯಾಂಕು, ಕೊಳವೆ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುತ್ತಾರೆ. ಒಂದು ಜನವರಿಯಲ್ಲಿ ಶಾಲೆಯ ಮುಂದೆ ಕೊಳವೆ ಒಡೆದಾಗ ಹಿಮದ ಕೆಸರಿನಲ್ಲಿ ಸಂಜೆಯವರೆಗೆ ನಿಂತರು. ಎಡಗೈಯ ಎರಡು ಬೆರಳಿಗೆ ಇನ್ನೂ ಸ್ಪರ್ಶವಿಲ್ಲ. ಗ್ರೆಂಟನ್‌ನ ನೀರಿನ ಕಚೇರಿಯವರು ಕೆಲಸಕ್ಕೆ ಕರೆದಿದ್ದರು: ಪಾಳಿ, ರಜೆ, ಬೆಚ್ಚಗಿನ ಕೋಣೆ.

"ಯಾಕೆ ಹೋಗಲಿಲ್ಲ?"

"ಹೋದ್ರೆ ಅವರ ಲೆಕ್ಕಕ್ಕೆ ಇನ್ನೊಬ್ಬಳು ಸೇರ್ತಾಳೆ. ಆ ಸಂತೋಷ ಅವರಿಗ್ಯಾಕೆ?"

ಮಾತಾಡುತ್ತಿರುವಾಗ ಹೆದ್ದಾರಿಯ ಕಡೆಯಿಂದ ಒಂದು ಪಿಕಪ್ ಬಂದು ನಿಲ್ಲುತ್ತದೆ. ಬಾಗಿಲ ಮೇಲೆ ಗ್ರೆಂಟನ್‌ನ ಅಂಗಡಿಯೊಂದರ ಹೆಸರು. ಓಡಿಸುವವನು ಕಿಟಕಿಯಿಂದ ತಲೆ ಹೊರಹಾಕುತ್ತಾನೆ.

"ಏನಮ್ಮಾ ಇದು? ನಮ್ಮೂರಲ್ಲಿ ಹುಲ್ಲಿಗೆ ನೀರು ಬಿಟ್ರೆ ದಂಡ ಹಾಕ್ತಾರೆ. ನೀವು ಚರಂಡಿಗೆ ಬಿಡ್ತೀರಾ?"

"ನಿಮ್ಮೂರ ಜನಾನ ಸ್ವಲ್ಪ ಈ ಕಡೆ ಕಳಿಸಿ, ಈಗ್ಲೇ ನಿಲ್ಲಿಸ್ತೀನಿ."

"ನಮ್ಮ ಹುಡುಗರೇ ಡೆನ್ವರ್‌ಗೆ ಓಡ್ತಿದ್ದಾರೆ, ನಿಮಗೆಲ್ಲಿಂದ ಕಳಿಸೋದು!" ಎಂದು ಗೊಣಗುತ್ತಾ ಅವನು ಹೊರಡುತ್ತಾನೆ. ಅವನ ಊರಿಗೂ ಹೊಟ್ಟೆ ಉರಿದುಕೊಳ್ಳುವುದಕ್ಕೊಂದು ಊರಿದೆ ಎಂದು ತಿಳಿದು ನನಗೆ ಸಮಾಧಾನವಾಗುತ್ತದೆ. ದೇವರು ಕ್ಷಮಿಸಲಿ.

ಅಲ್ಲಿಂದ ಅರ್ಲೀನ್ ನನ್ನ ಬೀದಿಗೆ ಬರುತ್ತಾರೆ. ಮೊದಲು ಇಲ್ಲಿಗೆ ಬರುತ್ತಿರಲಿಲ್ಲ.

"ಆಲ್ವೈನಾ ಇದ್ದಾಗ ಈ ನಲ್ಲಿ ಮುಟ್ಟಿದ್ದೇ ಇಲ್ಲ," ಎನ್ನುತ್ತಾರೆ ಸ್ಪ್ಯಾನರ್ ಸಿಕ್ಕಿಸುತ್ತಾ. "ಸೋಮವಾರ ಬಟ್ಟೆ, ಶನಿವಾರ ಮೆಟ್ಟಿಲು ತೊಳೆಯೋದು, ಗುಲಾಬಿ ಗಿಡ... ಅವರೊಬ್ಬರೇ ಇಡೀ ಬೀದಿ ನೀರು ಓಡಿಸ್ತಿದ್ರು." ನನ್ನ ಹೆಂಡತಿ ಆಲ್ವೈನಾಳನ್ನು ಮಣ್ಣು ಮಾಡಿದ್ದು ಕಳೆದ ಚಳಿಗಾಲದಲ್ಲಿ. ನಾನೊಬ್ಬ ಬಳಸುವ ನೀರು ಕೊಳವೆಯನ್ನು ಎಬ್ಬಿಸಲು ಸಾಲದು.

ಹತ್ತು ಗಂಟೆಗೆ ಆ ಸಂಸಾರ ಬರುತ್ತದೆ: ಆಸ್ಪತ್ರೆಯಲ್ಲಿ ಕೆಲಸ ಮಾಡುವ ಯೆಸೆನಿಯಾ, ಗಂಡ ಓಬ್ದುಲಿಯೋ, ಮೂವರು ಮಕ್ಕಳು, ಗಂಡನ ತಾಯಿ. ಗ್ವಾಟೆಮಾಲಾದಿಂದ ಬಂದವರು, ಈಗ ಗ್ರೆಂಟನ್‌ನಲ್ಲಿ ಬಾಡಿಗೆಗಿದ್ದಾರೆ. ಯಾರೂ ಕರೆಯದಿದ್ದರೂ ಅರ್ಲೀನ್ ಹೋಗಿ ಬಾಗಿಲಲ್ಲಿ ನಿಲ್ಲುತ್ತಾರೆ, ಜೊತೆಗೆ ನಾನೂ. ಯೆಸೆನಿಯಾ ನೇರವಾಗಿ ಅಡುಗೆಮನೆಯ ನಲ್ಲಿ ತಿರುಗಿಸುತ್ತಾಳೆ. ನೀರು ಕನ್ನಡಿಯಂತಿದೆ. ಮುದುಕಿ ಒಂದು ಲೋಟ ಕುಡಿದು ಇನ್ನೊಂದು ಕೇಳುತ್ತಾರೆ.

ಓಬ್ದುಲಿಯೋಗೆ ಮನಸ್ಸಿಲ್ಲ. "ಅಲ್ಲಿ ಈಜುಕೊಳ ಇದೆ, ಅಂಗಡಿ ಇದೆ, ದೊಡ್ಡ ಶಾಲೆ ಇದೆ. ಇಲ್ಲೇನಿದೆ?"

ಅರ್ಲೀನ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾರೆ. "ನೀರಿದೆ," ಎನ್ನುತ್ತಾರೆ. "ಹಿತ್ತಲಿಗೆ ಎಷ್ಟು ಬೇಕಾದ್ರೂ ಬಿಡ್ಬಹುದು. ಬಿಟ್ರೆ ನನಗೇ ಉಪಕಾರ."

ಯೆಸೆನಿಯಾ ಅದನ್ನು ಅತ್ತೆಗೆ ಅವರ ಭಾಷೆಯಲ್ಲಿ ಹೇಳುತ್ತಾಳೆ. ಮುದುಕಿ ಹಿಂಬಾಗಿಲು ತೆಗೆದು ಹಿತ್ತಲಿಗಿಳಿದು, ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿ, ಏನೋ ದೀರ್ಘವಾಗಿ ಹೇಳುತ್ತಾರೆ.

"ಏನಂತೆ?" ಎಂದು ಅರ್ಲೀನ್ ಕೇಳುತ್ತಾರೆ.

ಓಬ್ದುಲಿಯೋ ತಲೆ ಕೆರೆದುಕೊಳ್ಳುತ್ತಾನೆ. "ಮೆಕ್ಕೆಜೋಳ ಅಲ್ಲಿ, ಮೆಣಸಿನಗಿಡ ಇಲ್ಲಿ ಅಂತೆ. ಇನ್ನು ನನ್ನ ಮಾತು ಯಾರು ಕೇಳ್ತಾರೆ?"

ಮೂರು ವಾರದ ಮೇಲೆ ಅದೇ ತುದಿ, ಅದೇ ಹೊತ್ತು. ಮುದುಕಿ ಆಗಲೇ ಎದ್ದು ಹೊಸ ಮಡಿಗಳಿಗೆ ನೀರು ಬಿಡುತ್ತಿದ್ದಾರೆ. ಅರ್ಲೀನ್ ಕೆಂಪು ನಲ್ಲಿ ತಿರುಗಿಸುತ್ತಾರೆ. ಮೊದಲ ಹನಿಯೇ ತಿಳಿ. ತಕ್ಷಣ ಮುಚ್ಚಿ, ಸ್ಪ್ಯಾನರನ್ನು ಹೆಗಲ ಮೇಲಿಡುತ್ತಾರೆ.

"ಆರು ಜನ, ಫೆಟರ್ ಆಲ್ಬಿನ್. ಗ್ರೆಂಟನ್‌ನಿಂದ." ಗ್ರೆಂಟನ್ ಎನ್ನುವಾಗ ಅವರ ಮುಖದಲ್ಲಿ ಎಂಥ ಗೆಲುವು!

"ಇನ್ನೇನು ಬೇಕು ನಿನಗೆ?" ಎಂದು ಕೇಳುತ್ತೇನೆ.

ಅವರು ನನ್ನ ಬೀದಿಯ ಕಡೆ ನೋಡುತ್ತಾರೆ. "ನಿಮ್ಮ ಪಕ್ಕದ ಮನೆಗೊಂದು ಸಂಸಾರ. ಕೈಗೂಸಿದ್ರೆ ಇನ್ನೂ ಒಳ್ಳೇದು. ಕೂಸಿರೋ ಮನೇಲಿ ನೀರು ನಿಲ್ಲಲ್ಲ."