ಅಂಬಾಸಡರಿಗೆ ಕ್ಯಾರಿಯರ್ ಕೂಡಿಸಿದ್ದು

ಎಪ್ಪತ್ತರ ದಶಕದ ನಡುವಿನ ಮಾತು. ಕಿತ್ತೂರಿನ ನನ್ನ ತವರಿನಿಂದ ಬೈಲಹೊಂಗಲಕ್ಕೆ ಮರಳುತ್ತಿದ್ದೆವು. ಊರು ಇನ್ನೇನು ಬಂತು ಎನ್ನುವಾಗ ನನ್ನ ಗಂಡ ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ, "ಸ್ವಲ್ಪ ಕೂಡು, ಕ್ಯಾರಿಯರ್ ಕೂಡಿಸ್ಕೊಂಡ ಹೋಗೋಣು" ಎಂದರು.

ಅದನ್ನು ಮಾಡಲು ಮೊದಲೇ ಹೇಳಿಟ್ಟಿದ್ದರು. ನನಗೆ ಮಾತ್ರ ಹೇಳಿರಲಿಲ್ಲ. ಪೈಪು ಬಗ್ಗಿಸಿ, ನಡುವೆ ಪಟ್ಟಿ ಬೆಸೆದು, ಕರಿ ಬಣ್ಣ ಬಳಿದ ಚೌಕಟ್ಟು ಗೋಡೆಗೆ ಒರಗಿ ನಿಂತಿತ್ತು. ಮಿಸ್ತ್ರಿ ಮತ್ತು ನನ್ನ ಗಂಡ ಸೇರಿ ಅದನ್ನೆತ್ತಿ ಕಾರಿನ ಮೇಲಿಟ್ಟರು. ಅಂಬಾಸಡರಿನ ಛತ್ತಿನ ಅಂಚಿನಲ್ಲಿ ಮಳೆನೀರು ಹರಿಯಲು ಮಡಚಿದ ತಗಡಿನ ಪಟ್ಟಿ ಇರುತ್ತದಲ್ಲ, ಅದಕ್ಕೆ ಕೊಕ್ಕೆ ಸಿಗಿಸಿ ನಟ್ಟು ಬಿಗಿಯತೊಡಗಿದರು. ಬಣ್ಣ ಕೆರೆಯಬಾರದೆಂದು ಕೊಕ್ಕೆಯ ಅಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು.

"ಏನ ಹೇರಾವ್ರಿದ್ದೀರಿ ಸಾವ್ಕಾರ?" ಎಂದು ಮಿಸ್ತ್ರಿ ಕೇಳಿದ.

"ಏನರ ಇರತಾವಲ್ರಿ."

"ಹಂಗಲ್ರಿ. ಹತ್ತಿ ಚೀಲ ಆದ್ರ ಒಂದ ನಮೂನಿ, ಮನಿ ಸಾಮಾನ ಆದ್ರ ಒಂದ ನಮೂನಿ. ಅದಕ್ಕ ಕೇಳಿದೆ."

ನನ್ನ ಗಂಡ ಒಮ್ಮೆ ನಾನು ಕೂತ ಕಡೆ ನೋಡಿ ದನಿ ತಗ್ಗಿಸಿದರು. "ಮನಿ ಸಾಮಾನ ಅಂತನ ತಿಳಕೊಂಡ ಬಿಗೀರಿ."

ಆ ನೋಟ ನನಗೆ ಸರಿಬರಲಿಲ್ಲ. ದನಿ ತಗ್ಗಿಸಿದ್ದಂತೂ ಇನ್ನೂ ಸರಿಬರಲಿಲ್ಲ.

ನಮ್ಮದು ಅಡತಿ ಅಂಗಡಿಯವರ ಮನೆ. ಮಾವ ಮತ್ತು ನನ್ನ ಗಂಡ ಮಾರ್ಕೆಟ್ಟಿನಲ್ಲಿ ಹತ್ತಿ, ಶೇಂಗಾ ವ್ಯಾಪಾರ ನೋಡಿಕೊಳ್ಳುತ್ತಿದ್ದರು. ಹಿರಿಯ ಭಾವ ಬೇರೆಯಾಗಿ ಬೆಳಗಾವಿಗೆ ಹೋಗಿದ್ದರು. ಒಬ್ಬಳೇ ನಾದಿನಿಯನ್ನು ರಾಮದುರ್ಗಕ್ಕೆ ಕೊಟ್ಟಿತ್ತು. ಮನೆಯಲ್ಲಿ ಉಳಿದವರು ಅತ್ತೆ, ಮಾವ, ನಾವಿಬ್ಬರು.

ಕಾರು ಬಾಗಿಲಿಗೆ ಬಂದು ನಿಂತಾಗ ಮಾವ ಕ್ಯಾರಿಯರನ್ನು ನೋಡಿ, "ಟ್ಯಾಕ್ಸಿ ಓಡಸಾಂವ ಇದ್ದೀಯೇನ?" ಎಂದಷ್ಟೇ ಕೇಳಿ ಒಳಗೆ ಹೋದರು. ಅತ್ತೆ ಕಾರಿನ ಸುತ್ತ ಒಂದು ಸಲ ತಿರುಗಿದರು. ಹಿರಿಯ ಮಗನ ಸಾಮಾನು ಇದೇ ಬಾಗಿಲಿನಿಂದ ಲಾರಿಗೆ ಏರಿದ್ದನ್ನು ಅವರು ಮರೆತಿರಲಿಲ್ಲ. ಮರುದಿನದಿಂದ ಉಗ್ರಾಣದ ಕೀಲಿ ಗೂಟ ಬಿಟ್ಟು ಅವರ ಸೊಂಟಕ್ಕೆ ಹೋಯಿತು. ತಾಮ್ರದ ಹಂಡೆ ತೊಳೆಯಲು ಬೇಕೆಂದರೆ ತಾವೇ ತೆಗೆದುಕೊಟ್ಟು, ತೊಳೆದು ಮುಗಿಯುವ ತನಕ ಬಚ್ಚಲ ಬಾಗಿಲಲ್ಲಿ ನಿಂತಿರುತ್ತಿದ್ದರು.

ಒಂದು ಮಧ್ಯಾಹ್ನ ನಾನು ಕೋಣೆಗೆ ಹೋದಾಗ ನನ್ನ ಗಂಡ ಟೇಪು ಹಿಡಿದು ನಮ್ಮ ಮಂಚವನ್ನು ಅಳೆಯುತ್ತಿದ್ದರು. ಅದು ಮದುವೆಯಲ್ಲಿ ಕಿತ್ತೂರಿನಿಂದ ಬಂದ ಮಂಚ.

"ಯಾಕ್ರೀ?"

"ಸುಮ್ನ. ಎಷ್ಟ ಉದ್ದ ಐತಿ ನೋಡಾಕ."

ಸುಮ್ಮನೆ ಯಾರಾದರೂ ಮಂಚ ಅಳೆಯುತ್ತಾರೆಯೇ? ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ. ಆ ಸಂಜೆ ರೊಟ್ಟಿ ಬಡಿಯುತ್ತ, ಮುಖ ಎತ್ತದೆ ಅಂದರು. "ಬ್ಯಾರೆ ಹೋಗಾವ್ರು ಹೇಳಿ ಹೋಗಬೇಕವ್ವಾ. ನಾ ಏನ ಅಡ್ಡ ಬೀಳಾಂಗಿಲ್ಲ."

"ನನಗೇನೂ ಗೊತ್ತಿಲ್ರಿ ಅತ್ತಿ."

"ಗೊತ್ತಿಲ್ದನ ಮಂಚ ಅಳಸ್ತೀಯೇನ?"

ಅವರ ಗುಮಾನಿ ನಾವು ಬೇರೆಯಾಗುತ್ತೇವೆಂದು. ನನ್ನದು ಬೇರೆಯೇ ಇತ್ತು. ಮದುವೆಯಾಗಿ ವರ್ಷಗಳಾದರೂ ನನಗೆ ಮಕ್ಕಳಾಗಿರಲಿಲ್ಲ. ಬೀಗರು ನೆಂಟರು ಬಂದಾಗ ಆ ಮಾತು ಅಡುಗೆಮನೆಯ ತನಕ ಕೇಳಿಬರುತ್ತಿತ್ತು. ತವರಿನ ಮಂಚ ತವರಿಗೆ ಮರಳುತ್ತದೆ, ಅದರ ಹಿಂದೆ ನಾನೂ ಎಂದು ನನಗನಿಸತೊಡಗಿತು. ಇವರು ಮೊದಲಿಗಿಂತ ಕಡಿಮೆ ಮಾತಾಡುತ್ತಿದ್ದರು. ವ್ಯಾಪಾರದ ನೆಪದಲ್ಲಿ ರಾಮದುರ್ಗದ ಕಡೆ ಮೇಲಿಂದ ಮೇಲೆ ಹೋಗುತ್ತಿದ್ದರು. ಅಲ್ಲಿ ಹೆಣ್ಣು ನೋಡಿದ್ದಾರೇನೋ ಎಂಬಲ್ಲಿಗೂ ನನ್ನ ತಲೆ ಓಡಿತು. ಕೇಳಲು ಬಾಯಿ ಬರಲಿಲ್ಲ. ಕೇಳಿ, ಹೌದೆಂದುಬಿಟ್ಟರೆ?

ಒಂದು ಬೆಳಿಗ್ಗೆ, "ಲಗೂನ ತಯಾರಾಗು, ಸವದತ್ತಿಗೆ ಹೋಗಿ ಬರೋಣು" ಎಂದರು.

ಅತ್ತೆ ಪಡಸಾಲೆಯಿಂದಲೇ ಕೇಳಿದರು. "ಇವತ್ತ ಮಂಗಳವಾರ ಅಲ್ಲ, ಶುಕ್ರವಾರ ಅಲ್ಲ. ದೇವಿ ಗುಡ್ಡಕ್ಕ ಯಾಕ?"

"ಹಿಂಗ ಅವ್ವಾ."

ಡಿಕ್ಕಿಯಲ್ಲಿ ಹಗ್ಗ, ಗೋಣಿತಾಟು ಇದ್ದದ್ದನ್ನು ನಾನು ಕಂಡಿದ್ದೆ. ಮಂಚ ಆಮೇಲೆ ಬಂದೀತು, ಮೊದಲು ನನ್ನನ್ನು ತವರಿಗೆ ಬಿಟ್ಟು ಬರುತ್ತಾರೇನೋ ಎಂದುಕೊಂಡೇ ಕೂತೆ. ಕಾರು ಕಿತ್ತೂರಿನ ದಾರಿ ಹಿಡಿಯಲಿಲ್ಲ. ಉಸಿರು ಬಿಟ್ಟೆ. ಮುನವಳ್ಳಿ ದಾಟಿತು. ಸವದತ್ತಿಯನ್ನೂ ದಾಟಿ, ಗುಡ್ಡದ ಕಡೆ ತಿರುಗದೆ ಮುಂದೆ ನಡೆಯಿತು. ವೇಗ ಹೆಚ್ಚಿದಂತೆ ಕ್ಯಾರಿಯರಿನ ಪೈಪಿಗೆ ಗಾಳಿ ಬಡಿದು ಸಿಳ್ಳೆ ಹಾಕುತ್ತಿತ್ತು.

"ಗುಡ್ಡ ಹಿಂದ ಉಳೀತಲ್ರಿ."

"ರಾಮದುರ್ಗಕ್ಕ ಹೊಂಟೇವಿ."

ಕೊನೆಗೂ ಕೇಳಿದೆ. "ಅಲ್ಲಿ ಯಾರನ್ನ ನೋಡೀರಿ? ನನ್ನ ಸಾಮಾನ ಯಾವಾಗ ಹೇರಸ್ತೀರಿ? ಹೇಳಿಬಿಡ್ರಿ."

ಅವರು ಕಾರನ್ನು ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಅರ್ಥವಾಗದವರಂತೆ ನನ್ನನ್ನೇ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು. "ನಿನ್ನ ಸಾಮಾನ ಅಲ್ಲ ಮಾರಾಯ್ತಿ. ತಂಗೀದು."

ನಾದಿನಿಯ ಗಂಡ ಸೊಲ್ಲಾಪುರದಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಪಂಚಮಿಗೆ ತವರಿಗೆ ಬಂದಾಗ ಅವಳು ಇದನ್ನು ತನ್ನಪ್ಪನಿಗೆ ಹೇಳಿದ್ದಳು. ಹೊಂದಿಕೊಂಡು ಹೋಗೆಂದು ಅವರು ಅವಳನ್ನು ಬಸ್ಸು ಹತ್ತಿಸಿದ್ದರು. ನನಗೆ ಆಗ ಹಬ್ಬದ ಉಂಡಿಗಳಷ್ಟೇ ಕಂಡಿದ್ದವು. ಆಮೇಲೆ ಇವರು ಹೋದಾಗಲೆಲ್ಲ ಅವಳದು ಒಂದೇ ಮಾತಂತೆ. ಬರತೇನಿ, ಆದರ ನನ್ನ ಮಂಚ, ಹೊಲಿಗಿ ಮಷೀನು ಬಿಟ್ಟು ಬರಾಂಗಿಲ್ಲ.

"ಮಂಚ ಅಂದ್ರ ಎಲ್ಲಾ ಹೆಚ್ಚುಕಡಿಮಿ ಒಂದ ಅಳತಿ, ಅಕೀದು ಕ್ಯಾರಿಯರ್ ಮ್ಯಾಲ ಕೂಡತೈತೋ ಇಲ್ಲೋ ಅಂತ ನಮ್ಮದನ್ನ ಅಳದ ನೋಡಿದೆ," ಎಂದರು. "ಅಪ್ಪಗ ಮೊದಲ ಹೇಳಿದ್ರ ಬಿಡತಿದ್ದಿಲ್ಲ. ನಿನಗ ಹೇಳಿದ್ರ ಅವ್ವ ನಿನ್ನ ಮಾರಿ ನೋಡೇ ಹಿಡೀತಿದ್ಲು."

ನನಗೆ ಅಳು ಬಂತು. ಅದು ಸಮಾಧಾನಕ್ಕೋ ಸಿಟ್ಟಿಗೋ ನನಗೆ ಈಗಲೂ ತಿಳಿಯದು.

ರಾಮದುರ್ಗದಲ್ಲಿ ನಾದಿನಿಯ ಅತ್ತೆ ಓಣಿಯಲ್ಲೇ ನಿಂತು ಕ್ಯಾರಿಯರಿಗೆ ಏರಿದ ಒಂದೊಂದನ್ನೂ ಪರೀಕ್ಷಿಸಿದರು. ಗಂಟು ಬಿಚ್ಚಿಸಿದರು. ಒಂದು ಹಿತ್ತಾಳೆ ಕೊಡ ತಮ್ಮದೆಂದು ಇಳಿಸಿಕೊಂಡರು. ನಾದಿನಿ ತಕರಾರು ಮಾಡಲಿಲ್ಲ. ಹಗ್ಗ ಬಿಗಿದು ಮುಗಿದ ಮೇಲೆ ಆ ಮುದುಕಿ ಒಳಗೆ ಹೋಗಿ ಮಷೀನಿನ ಕಟ್ಟಿಗೆಯ ಮುಚ್ಚಳ ತಂದರು. "ಇದನ್ನ ಬಿಟ್ಟಿದ್ದಿ," ಎಂದು ಸೊಸೆಯ ಕೈಗಿಟ್ಟು, ಬಾಗಿಲು ಹಾಕಿಕೊಂಡರು.

ಮನೆ ಮುಟ್ಟಿದಾಗ ಅತ್ತೆ ಹೊರಗೇ ಕೂತಿದ್ದರು. ಮೊದಲು ಅವರ ಕಣ್ಣು ಹೋದದ್ದು ಮೇಲಿನ ಮಂಚದ ಮೇಲೆ. ಹೋಗಬೇಕಾದ ಮಂಚ ಬಂದಿದೆಯಲ್ಲ ಎಂಬ ಗೊಂದಲ ಮುಖದಲ್ಲಿತ್ತು. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಮಗಳು ಇಳಿದಳು. ಅತ್ತೆ ಎದ್ದು ಅವಳ ರಟ್ಟೆ ಹಿಡಿದು, "ಕೈಕಾಲ ತೊಳ್ಕೋ, ಉಣ್ಣುವಿಯಂತ" ಎಂದರು. ನಂತರ ನನ್ನ ಕಡೆ ತಿರುಗಿದರು.

"ನಿನಗೆಲ್ಲಾ ಗೊತ್ತಿತ್ತು, ಹೌದಿಲ್ಲೊ?"

"ಇಲ್ರಿ, ದಾರ್ಯಾಗ ಗೊತ್ತಾತು."

ಅವರು ನಂಬಲಿಲ್ಲ.

ಮಾವ ಕೆಲವು ದಿನ ಮಗಳೊಡನೆ ಮಾತಾಡಲಿಲ್ಲ. ಪಡಸಾಲೆಯಲ್ಲಿ ಮಷೀನಿನ ಸದ್ದು ಶುರುವಾದ ಮೇಲೆ ಒಂದು ದಿನ ಅಂಗಿಯ ಬಟ್ಟೆ ತಂದು ಅದರ ಮೇಲಿಟ್ಟು ಹೋದರು. ಅಳತೆಗೆ ಹಳೆಯ ಅಂಗಿಯೂ ಜೊತೆಗಿತ್ತು. ನಾದಿನಿ ನಮ್ಮ ಮನೆಯಲ್ಲೇ ಉಳಿದಳು. ಓಣಿಯ ಹೆಂಗಸರ ಕುಪ್ಪಸಗಳೆಲ್ಲ ಅವಳ ಕೈಯಲ್ಲೇ ಆದವು.

ಅತ್ತೆ ಮಾತ್ರ ಕಡೆಯವರೆಗೂ, ಮಗನ ತಲೆಗೆ ಇದನ್ನು ತುಂಬಿದವಳು ನಾನೇ ಎಂದು ನಂಬಿದ್ದರು. ಸಿಟ್ಟಿನಲ್ಲಿದ್ದಾಗ, "ಇಕಿ ಭಾಳ ಒಳಗಿನಾಕಿ, ನಮಗ್ಯಾರಿಗೂ ಗೊತ್ತಾಗದಂಗ ಮಾಡಿದ್ಲು" ಎನ್ನುತ್ತಿದ್ದರು. ಮಗಳು ನಗುನಗುತ್ತಾ ಇದ್ದ ದಿನ, ನೆರೆಯವರ ಮುಂದೆ ಅದೇ ಮಾತನ್ನು ಬೇರೆ ದನಿಯಲ್ಲಿ ಹೇಳುತ್ತಿದ್ದರು. ನಾನು ಮೊದಮೊದಲು ಅಲ್ಲವೆನ್ನುತ್ತಿದ್ದೆ. ಆಮೇಲೆ ಬಿಟ್ಟುಬಿಟ್ಟೆ.