ಪರ್ಸಿ ಕಬ್ಬಿಗೆ ಬೆಂಕಿ ಕೊಟ್ಟ ಸಂಜೆ

ನಮ್ಮ ಹರ್ಬರ್ಟ್ ಹೊಳೆಯ ಬಯಲಿನಲ್ಲಿ ಕಬ್ಬು ಕಡಿಯುವ ಮುಂಚೆ ಗದ್ದೆಗೆ ಬೆಂಕಿ ಕೊಡುತ್ತಾರೆ. ಗರಿ ಸುಟ್ಟು ಇಲಿ ಓಡಿದ ಮೇಲೆಯೇ ಕತ್ತಿ. ಇಲಿಜ್ವರಕ್ಕೆ ಆಳುಗಳು ಸತ್ತದ್ದನ್ನು ಕಂಡವರು ಹಸಿ ಕಬ್ಬು ಮುಟ್ಟುತ್ತಾರೆಯೇ? ಬೆಂಕಿ ಹಚ್ಚುವುದು ಯಜಮಾನನ ಕೆಲಸ. ಪರ್ಸಿ ಹಾಬ್ಡನ್ ಮಾತ್ರ ಯುದ್ಧದಿಂದ ಬಂದ ಮೇಲೆ ಕಡ್ಡಿ ಗೀರಿದವನಲ್ಲ. ಅವನ ಅಪ್ಪನೇ ಹಚ್ಚುತ್ತಿದ್ದ. ಆ ವರ್ಷ ಅಪ್ಪ ತೀರಿಕೊಂಡ, ಹಚ್ಚುವ ಕೆಲಸ ಪರ್ಸಿಯ ಪಾಲಿಗೆ ಬಂತು.

ಬಾಲಿಕ್‌ಪಾಪನ್ ಗುಡ್ಡಗಳಲ್ಲಿ, ಕಡಲಾಚೆಯ ಆ ಯುದ್ಧದಲ್ಲಿ, ಪರ್ಸಿ ಶತ್ರುಗಳು ಅಡಗಿದ ಗುಹೆಗಳಿಗೆ ಬೆಂಕಿ ಉಗುಳುವ ಯಂತ್ರವನ್ನು ಬೆನ್ನ ಮೇಲೆ ಹೊತ್ತಿದ್ದ. ಅದಕ್ಕೊಂದು ಗುಂಡು ತಗುಲಿದರೆ ತಮ್ಮ ಕಥೆಯೂ ಮುಗಿಯಿತೆಂದು ಜೊತೆಯವರು ದೂರ ದೂರ ನಡೆಯುತ್ತಿದ್ದರು; ಮಾಂಸದ ಡಬ್ಬಿ ಬಿಚ್ಚಿದಾಗಲೂ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಥೂ, ಎಂಥ ಹಾಳು ಕೆಲಸ! ಅಲ್ಲಿ ಏನು ಮಾಡಿದನೆಂದು ಹೆಂಡತಿ ಮರ್ಲ್‌ಗೂ ಅವನು ಹೇಳಿರಲಿಲ್ಲ.

ಕಡಿಯುವ ಗುಂಪಿನ ಮೇಸ್ತ್ರಿ ನೆಲ್ಲೊ ಕಡ್ಡಿ ಮುರಿದಂತೆ ಹೇಳಿದ: "ಇವತ್ತು ಸುಟ್ಯೋ, ನಾಳೆ ಕಡೀತೀವಿ. ಇಲ್ಲಾಂದ್ರೆ ಬೇರೆ ಗದ್ದೆಗೆ ಹೊರಟ್ವಿ ನೋಡಪ್ಪ."

"ಬೆಳೆ ಹೋದ್ರೆ ಸಾಲಕ್ಕೆ ಗದ್ದೇನೂ ಹೋದಂಗೇ, ಪರ್ಸಿ," ಎಂದಳು ಮರ್ಲ್.

ಸಂಜೆ ಗಾಳಿ ತಗ್ಗಿತು. ಹಚ್ಚುವ ಮುಂಚೆ ಒಂದು ಸುತ್ತು ಕೂಗುವುದು ವಾಡಿಕೆ. ಕಬ್ಬಿನೊಳಗೆ ಯಾರಾದರೂ ಮಲಗಿದ್ದರೆ ಎದ್ದು ಬರಲಿ ಎಂದು. ಪರ್ಸಿ ಕೂಗಿದ, "ಯಾರಿದ್ದೀರಿ ಒಳಗೆ? ಈಚೆ ಬನ್ನಿ!" ಒಂದು ಸುತ್ತು ಮುಗಿಸಿ ಇನ್ನೊಂದು ಸುತ್ತಿದ, ಮತ್ತೆ ಮೂರನೆಯದಕ್ಕೆ ಹೊರಟ.

"ಇಲಿಗಳಿಗೂ ಕರೆಯೋಲೆ ಕೊಡ್ತಿದ್ದಾನಲ್ರೋ!" ಎಂದು ಆಳುಗಳು ನಕ್ಕರು.

ನೆಲ್ಲೊ ರೇಗಿದ. "ಏನಯ್ಯಾ ನಿಂದು? ಇಬ್ಬನಿ ಬಿದ್ರೆ ಬೆಂಕಿ ಹಿಡಿಯಲ್ಲ. ಯಾರಪ್ಪ ಇರ್ತಾರೆ ಒಳಗೆ?"

ಪರ್ಸಿ ಕಡ್ಡಿಪೆಟ್ಟಿಗೆಯನ್ನು ಮತ್ತೆ ಜೇಬಿಗೆ ಹಾಕಿದ. "ಅವತ್ತು ಗುಹೆ ಒಳಗಿಂದ ಯಾರೋ ಏನೋ ಕೂಗಿದ್ರು, ನೆಲ್ಲೊ. ನಂಗೆ ಅವರ ಭಾಷೆ ಬರಲ್ಲ. ಬಲ್ಲೋನು ಗುಡ್ಡ ಹತ್ತಿ ಬರ್ತಾ ಇದ್ದ. ನಾನು ಕಾಯಲಿಲ್ಲ, ಬೆಂಕಿ ಬಿಟ್ಬಿಟ್ಟೆ. ಮೇಲೆ ಬಂದೋನು, 'ಈಚೆ ಬರ್ತೀವಿ, ಬರ್ತೀವಿ ಅಂತಿದ್ರಲ್ಲೋ' ಅಂದ."

ನೆಲ್ಲೊ ಟೋಪಿ ಬಿಗಿಮಾಡಿಕೊಂಡು ತಾನೇ ಕಬ್ಬಿನೊಳಗೆ ನುಗ್ಗಿದ. ಬಹಳ ಹೊತ್ತಿನ ಮೇಲೆ ಮೈಯೆಲ್ಲ ತರಚಿಕೊಂಡು ಹೊರಬಂದ. "ಯಾರೂ ಇಲ್ಲ ಕಣೋ. ದೇವರಾಣೆ, ಮೂಲೆಮೂಲೆ ನೋಡ್ದೆ."

ಪರ್ಸಿ ಕಡ್ಡಿ ಗೀರಿದ. ಬೆಂಕಿ ಕಬ್ಬಿಗಿಂತ ಎತ್ತರಕ್ಕೆ ಎದ್ದಿತು, ಗರಿಯಷ್ಟೇ ಸುಟ್ಟು ಬೆಳೆ ಉಳಿಯಿತು. ಮರ್ಲ್ ಬಂದು ಅವನ ತೋಳು ಹಿಡಿದುಕೊಂಡಳು.

"ಅವತ್ತು ಇಷ್ಟೇ ಹೊತ್ತು ಕಾದಿದ್ರೆ ಸಾಕಿತ್ತು, ಮರ್ಲ್," ಎಂದ ಅವನು.