ಒಂದು ಹೂಂ

ಶೇಡಬಾಳದ ಶಾಲೆಯೊಂದರ ಹಳೆಯ ಕಂಪ್ಯೂಟರಿಗೆ ನಾನೇ ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೆ. ಕೀಬೋರ್ಡಿನಲ್ಲಿ ಮೊದಲು ಒತ್ತಿದ ಅಕ್ಷರ ಮೂಡುತ್ತಿತ್ತು, ಎರಡನೆಯದು ಮೂಡುತ್ತಿರಲಿಲ್ಲ. ಅಂದೂ ಸರಿಹೋಗದಿದ್ದರೆ ಯಂತ್ರ ಗುಜರಿಗೆ ಎಂದಿದ್ದರು ಹೆಡ್‌ಮಾಸ್ತರರು. ಅಥಣಿಯಿಂದ ಬಸ್ಸಿನಲ್ಲಿ ಅದೇ ಚಿಂತೆ. ಪಕ್ಕದ ಹಿರಿಯ ಹೆಂಗಸು ಹೇಳುತ್ತಿದ್ದ ಎಮ್ಮೆಯ ಕಥೆ ನಡುವೆಯೇ ನಿಂತಿತು.

"ಹೂಂ ಅನ್ನಾಕ ಬರೂದಿಲ್ಲೇನ ತಮ್ಮಾ? ನೀ ಹೂಂ ಅನ್ಲಾರದ ಮುಂದಿಂದು ಹೆಂಗ ಹೇಳ್ಲಿ?"

ಥಟ್ಟನೆ ಹೊಳೆಯಿತು. ಕೀಲಿ ಒತ್ತಿದಾಗ ಬರುವ ಇಂಟರಪ್ಟ್ ಎಂಬ ಕರೆಯನ್ನು ನನ್ನ ಸಿಸ್ಟಮ್ಮಿನ ತಿರುಳಾದ ಕರ್ನಲ್ ಕೇಳಿಸಿಕೊಳ್ಳುತ್ತಿತ್ತು, ಆದರೆ ಅದನ್ನು ಕಳಿಸಿದ ಚಿಪ್ಪಿಗೆ ‘ಆಯಿತು’ ಎಂದು ಮರಳಿ ಹೇಳುತ್ತಿರಲಿಲ್ಲ. ಚಿಪ್ಪು ಮುಂದಿನದನ್ನು ತಡೆದಿಟ್ಟು ಕಾಯುತ್ತಿತ್ತು. ಅಲ್ಲೇ ಲ್ಯಾಪ್‌ಟಾಪಿನಲ್ಲಿ ಆ ಒಂದು ಸಾಲು ಸೇರಿಸಿದೆ.

"ಹೂಂ, ಹೇಳ್ರಿ ಮಾವಶಿ" ಎಂದೆ.

ಯಂತ್ರ ಉಳಿಯಿತು. ಶಾಲೆಗೆ ಮಾತ್ರ ತಡವಾಗಿ ತಲುಪಿದೆ. ಋಣ ತೀರಿಸಲು ಹೂಂಗುಟ್ಟುತ್ತ ಕೂತವನು ಇಳಿದದ್ದು ಶೇಡಬಾಳ ದಾಟಿ ಕಾಗವಾಡದಲ್ಲಿ.